ಹುಲಿ 3, ಕುರಿ 15: ಆಟದ ನಿಯಮ ಬರೆದವರು ಯಾರು?

ಆಟ ಇರುವಲ್ಲಿ ತಕರಾರೂ ಇರುತ್ತದೆ. ಗಲ್ಲಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಚೆಂಡು ಪಕ್ಕದ ಮನೆಯ ಕಾಂಪೌಂಡಿಗೆ ಬಿದ್ದರೆ ಔಟೋ ಅಲ್ಲವೋ ಎಂದು ಕಿತ್ತಾಡುತ್ತಾರೆ. ಜಗಲಿಯ ಮೇಲೆ ಚೌಕಾಬಾರದ ಮನೆ ಬರೆದುಕೊಂಡು ಕುಳಿತವರು ಕವಡೆ ಕೈಜಾರಿ ಬಿದ್ದದ್ದೋ, ಬೇಕೆಂದೇ ಎಸೆದದ್ದೋ ಎಂದು ವಾದಕ್ಕಿಳಿಯುತ್ತಾರೆ. 'ಇದು ಮೋಸ, ನಾನು ಆಡೋದಿಲ್ಲ ಹೋಗು' ಎಂದು ಎದ್ದು ಹೋದವರನ್ನು ಸಮಾಧಾನಪಡಿಸಿ ಕರೆತಂದ ಮೇಲೆ ಆಟ ಮತ್ತೆ ಆರಂಭವಾಗುತ್ತದೆ. ಆದರೆ ಹಾಗೆ ಆರಂಭವಾದದ್ದು ಯಥಾವತ್ತಾಗಿ ಮೊದಲಿನ ಆಟವೇ ಆಗಿರುವುದಿಲ್ಲ. ನಡುವೆ ಎಲ್ಲೋ ಒಂದು ಸಣ್ಣ ನಿಯಮ ಬದಲಾಗಿರುತ್ತದೆ.

ತಕರಾರು ಆಟವನ್ನು ಕೆಡಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ನಮ್ಮ ಮನೆಯಾಟಗಳ ಚರಿತ್ರೆಯನ್ನು ಗಮನಿಸಿದರೆ ಸಂಗತಿ ಬೇರೆಯೇ ಆಗಿ ಕಾಣುತ್ತದೆ. ಹುಲಿ-ಕುರಿ, ಚೌಕಾಬಾರ, ಅಳಗುಳಿಮಣೆ ಮುಂತಾದ ಆಟಗಳಿಗೆ ಕರ್ತೃವೆಂಬವನಿಲ್ಲ. ಅವುಗಳ ನಿಯಮಗಳು ಇಂದಿನ ರೂಪಕ್ಕೆ ಬಂದಿರುವುದು ಆಡಿದವರು ಗೊಣಗಿದ್ದರಿಂದ, ಜಗಳವಾಡಿದ್ದರಿಂದ, ಕೊನೆಗೆ ರಾಜಿಯಾದದ್ದರಿಂದ.

ಇಂದು ಕಂಪ್ಯೂಟರ್ ಮತ್ತು ಮೊಬೈಲ್‌ಗಾಗಿ ಆಟಗಳನ್ನು ತಯಾರಿಸುವ ಸಣ್ಣ ತಂಡಗಳು ಎರಡು ಪ್ರಶ್ನೆಗಳ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುತ್ತವೆ. ಒಂದು, ಆಟದ ಸಮತೋಲ: ಒಂದು ಕಡೆಗೇ ಸದಾ ಗೆಲುವು ವಾಲುತ್ತಿಲ್ಲವೇ? ಇನ್ನೊಂದು, ಆಟದ ಮುನ್ನಡೆ: ಆಡುವವನು ತೀರಾ ಸುಲಭವಾಗಿ ಗುರಿ ಮುಟ್ಟಿ ಬೇಸರಗೊಳ್ಳುತ್ತಿದ್ದಾನೆಯೇ, ಅಥವಾ ಮುಂದೆ ಹೋಗಲಾರದೆ ಬಿಟ್ಟೇಬಿಡುತ್ತಿದ್ದಾನೆಯೇ? ಉತ್ತರಕ್ಕಾಗಿ ಅವರು ಆಟಗಾರರ ದೂರುಗಳನ್ನೇ ಅವಲಂಬಿಸುತ್ತಾರೆ. ಈ ಎರಡೂ ಪ್ರಶ್ನೆಗಳು ಕಂಪ್ಯೂಟರಿಗಿಂತ ಬಹಳ ಹಳೆಯವು. ತುಮಕೂರು ಜಿಲ್ಲೆಯ ಉತ್ತರ ಭಾಗದ ಒಣ ಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ಕಲ್ಲಿನಲ್ಲಿ ಗೆರೆ, ಬಾಯಲ್ಲಿ ನಿಯಮ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಏಕಶಿಲಾ ಬೆಟ್ಟದ ಮೇಲಿನ ಮಧುಗಿರಿ ಕೋಟೆ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಗಿರಿದುರ್ಗ, 1687ರಿಂದ ಮೊಗಲರ ಪ್ರಾಂತ್ಯವೊಂದರ ಕೇಂದ್ರವಾಗಿದ್ದ ಶಿರಾ, ಹೀಗೆ ಈ ಸೀಮೆಯ ಚರಿತ್ರೆಯೆಂದರೆ ಕೋಟೆಗಳ ಚರಿತ್ರೆ ಎಂದೇ ಓದುಗರಿಗೆ ಪರಿಚಯ. ಆದರೆ ಕೋಟೆಯ ಕೆಳಗೆ ಬದುಕಿದವರಿಗೆ ರಾಗಿ, ಕಡಲೆಕಾಯಿ, ಹುಣಸೆಮರ, ಕುರಿ-ಮೇಕೆಗಳೇ ಆಧಾರ. ಮಳೆ ಬಂದಾಗ ಬಿಡುವಿಲ್ಲದ ದುಡಿಮೆ, ಉಳಿದ ತಿಂಗಳುಗಳಲ್ಲಿ ಬೇಕಾದಷ್ಟು ಬಿಡುವು. ನೆತ್ತಿ ಸುಡುವ ಮಧ್ಯಾಹ್ನ ಕುರಿಗಳು ಮರದ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಾಗ ಕಾಯುವವರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ.

ಇಂಥ ಹೊತ್ತಿಗೆ ಹುಟ್ಟಿದ ಆಟಗಳಿಗೆ ಖರ್ಚಿಲ್ಲ. ಇದ್ದಿಲಿನಿಂದಲೋ ಸುಣ್ಣದ ಕಲ್ಲಿನಿಂದಲೋ ಬಂಡೆಯ ಮೇಲೆ ಗೆರೆ ಎಳೆದರೆ ಮಣೆ ಸಿದ್ಧ. ಬೆಣಚುಕಲ್ಲು, ಒಡೆದ ಬಳೆಚೂರು, ಹುಣಸೆ ಬೀಜಗಳೇ ಕಾಯಿಗಳು. ಹಂಪಿಯೂ ಸೇರಿದಂತೆ ನಾಡಿನ ಅನೇಕ ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ, ಮಂಟಪಗಳ ಜಗಲಿಯ ಮೇಲೆ ಇಂಥ ಮಣೆಗಳನ್ನು ಉಳಿಯಿಂದ ಕೊರೆದಿರುವುದನ್ನು ಇಂದಿಗೂ ನೋಡಬಹುದು. ಕೆಲಸದ ನಡುವೆ ದಣಿವಾರಿಸಿಕೊಂಡ ಕಲ್ಲುಕುಟಿಗರೋ, ಕಾವಲಿಗಿದ್ದವರೋ, ದೇವರ ದರ್ಶನಕ್ಕೆ ಬಂದ ಯಾತ್ರಿಕರೋ ಅವುಗಳನ್ನು ಕೊರೆದಿರಬೇಕು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕಲ್ಲಿನ ಮೇಲೆ ಗೆರೆಗಳಿವೆ, ನಿಯಮಗಳಿಲ್ಲ. ಎಷ್ಟು ಕಾಯಿ, ಯಾರು ಮೊದಲು, ಎಷ್ಟಕ್ಕೆ ಸೋಲು ಎಂಬುದನ್ನು ಯಾರೂ ಶಾಸನ ಹಾಕಿಸಲಿಲ್ಲ. ಅದೆಲ್ಲ ಆಡುವವರ ಬಾಯಲ್ಲಿತ್ತು. ಬಾಯಲ್ಲಿದ್ದುದರಿಂದಲೇ ಅದನ್ನು ತಿದ್ದುವುದು ಸಾಧ್ಯವಾಗಿತ್ತು.

ಹುಲಿಗೆ ಹೆಚ್ಚೋ, ಕುರಿಗೆ ಹೆಚ್ಚೋ?

ಸಮತೋಲದ ಪ್ರಶ್ನೆಗೆ ಹುಲಿ-ಕುರಿ ಆಟಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಚದುರಂಗದಲ್ಲಿ ಇಬ್ಬರ ಬಳಿಯೂ ಒಂದೇ ಬಲದ ಸೈನ್ಯವಿರುತ್ತದೆ. ಇಲ್ಲಿ ಹಾಗಲ್ಲ. ಒಬ್ಬನ ಕೈಯಲ್ಲಿ ಮೂರು ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಕುರಿ. ಹುಲಿ ಕುರಿಯ ಮೇಲಿಂದ ನೆಗೆದು ಆಚೆಯ ಖಾಲಿ ಜಾಗಕ್ಕೆ ಬಿದ್ದರೆ ಆ ಕುರಿ ಸತ್ತಂತೆ. ಕುರಿಗೆ ಕೊಲ್ಲುವ ಶಕ್ತಿಯಿಲ್ಲ. ಒಂದರ ಹಿಂದೆ ಒಂದು ಒತ್ತಾಗಿ ನಿಂತು ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಅದೇ ಅದರ ಗೆಲುವು. ದಕ್ಷಿಣ ಭಾರತದಲ್ಲಿ ಹೆಚ್ಚು ಪ್ರಚಾರದಲ್ಲಿರುವ ತ್ರಿಕೋನಾಕಾರದ ಮಣೆಯಲ್ಲಿ ಗೆರೆಗಳು ಕೂಡುವ 23 ಜಾಗಗಳಿವೆ: ತುದಿಯಲ್ಲಿ ಒಂದು, ನಡುವಿನ ಮೂರು ಸಾಲುಗಳಲ್ಲಿ ಆರಾರು, ಬುಡದಲ್ಲಿ ನಾಲ್ಕು. ಪಾವಗಡದ ಬಹುಪಾಲು ಗಡಿ ಆಂಧ್ರಪ್ರದೇಶದೊಡನೆ ಇರುವುದರಿಂದ ಅಲ್ಲಿನ ಜನರಿಗೆ ಕನ್ನಡದಷ್ಟೇ ತೆಲುಗೂ ಬಳಕೆಯ ಭಾಷೆ. ತೆಲುಗಿನಲ್ಲಿ ಇದಕ್ಕೆ ಪುಲಿ-ಮೇಕ, ಪುಲಿಜೂದಂ ಎಂಬ ಹೆಸರುಗಳಿವೆ. ತಮಿಳರು ಆಡು-ಪುಲಿ ಆಟ್ಟಂ ಎನ್ನುತ್ತಾರೆ.

ಹದಿನೈದೇ ಏಕೆ? ಕುರಿಗಳು ತೀರಾ ಕಡಿಮೆಯಾದರೆ ಹುಲಿಯನ್ನು ಸುತ್ತುಗಟ್ಟುವುದು ಅಸಾಧ್ಯ. ತೀರಾ ಹೆಚ್ಚಾದರೆ ಹುಲಿಗೆ ನೆಗೆಯಲು ಖಾಲಿ ಜಾಗವೇ ಉಳಿಯುವುದಿಲ್ಲ. ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೀರ್ಮಾನಿಸಿದವರಿಲ್ಲ. 'ಹುಲಿ ಹಿಡಿದವನೇ ಯಾವಾಗಲೂ ಗೆಲ್ಲುತ್ತಾನೆ' ಎಂಬ ದೂರು ಎದ್ದಾಗ ಕುರಿ ಹೆಚ್ಚಿಸಿದರು. 'ಹುಲಿಗೆ ಉಸಿರಾಡಲೂ ಜಾಗವಿಲ್ಲ' ಎಂಬ ದೂರು ಬಂದಾಗ ಕಡಿಮೆ ಮಾಡಿದರು. ಒಂದೇ ಆಟಕ್ಕೆ ಊರಿಗೊಂದು ಲೆಕ್ಕ ಇರುವುದರ ಗುಟ್ಟು ಇದು. ಎಷ್ಟು ಕುರಿ ಸತ್ತರೆ ಹುಲಿಗೆ ಗೆಲುವು ಎಂಬುದರಲ್ಲಂತೂ ಏಕಾಭಿಪ್ರಾಯವೇ ಇಲ್ಲ. ಐದಕ್ಕೆ ನಿಲ್ಲಿಸುವವರಿದ್ದಾರೆ, ಹತ್ತರವರೆಗೆ ಆಡುವವರೂ ಇದ್ದಾರೆ.

ಉಳಿದ ನಿಯಮಗಳೂ ಇದೇ ಕಥೆ ಹೇಳುತ್ತವೆ. ಎಲ್ಲ ಕುರಿಗಳನ್ನು ಒಂದೊಂದಾಗಿ ಮಣೆಯ ಮೇಲೆ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ಸರಿಸುವಂತಿಲ್ಲ ಎಂಬ ನಿಯಮವಿದೆ. ಇದಿಲ್ಲದಿದ್ದರೆ ಕುರಿಯವನು ಇರುವ ನಾಲ್ಕು ಕುರಿಗಳನ್ನೇ ಆಚೆ ಈಚೆ ಓಡಿಸುತ್ತ ಸಂಜೆಯವರೆಗೂ ಕಾಲ ತಳ್ಳಬಹುದು. ಅದೇ ಎರಡು ಜಾಗಗಳ ನಡುವೆ ಮತ್ತೆ ಮತ್ತೆ ಹಿಂದು-ಮುಂದು ಆಡುವಂತಿಲ್ಲ ಎಂಬ ಕಟ್ಟನ್ನೂ ಕೆಲವರು ಹಾಕಿಕೊಳ್ಳುತ್ತಾರೆ. ಇಂಥ ಪ್ರತಿಯೊಂದು ನಿಯಮದ ಹಿಂದೆಯೂ ಯಾರೋ ಒಬ್ಬರ ತಾಳ್ಮೆ ತಪ್ಪಿದ ಪ್ರಸಂಗವೊಂದಿದೆ ಎಂದು ಊಹಿಸುವುದು ಕಷ್ಟವಲ್ಲ.

ಮಣೆಯಾಟಗಳ ಇತಿಹಾಸವನ್ನು 1952ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ವಿದ್ವಾಂಸ ಎಚ್.ಜೆ.ಆರ್. ಮರ್ರೆ ಇಂಥವುಗಳನ್ನು ಬೇಟೆಯ ಆಟಗಳೆಂದು ಪ್ರತ್ಯೇಕ ವರ್ಗ ಮಾಡಿದ್ದಾರೆ. ಇವುಗಳಲ್ಲಿ ಹಿಡಿಯುವವರು ಕಡಿಮೆ, ತಪ್ಪಿಸಿಕೊಳ್ಳುವವರು ಹೆಚ್ಚು. ನೇಪಾಳದ ಬಾಘ್-ಚಾಲ್ ಇದೇ ಕುಟುಂಬಕ್ಕೆ ಸೇರಿದ್ದು. ಅಲ್ಲಿ ಮಣೆ ಚೌಕಾಕಾರದ್ದು, 25 ಜಾಗಗಳು, ನಾಲ್ಕು ಹುಲಿ, ಇಪ್ಪತ್ತು ಮೇಕೆ. ಈ ಶತಮಾನದ ಮೊದಲ ದಶಕದಲ್ಲಿ ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಈ ಆಟವನ್ನು ಯಂತ್ರದ ಮೂಲಕ ಆಮೂಲಾಗ್ರವಾಗಿ ವಿಶ್ಲೇಷಿಸಿದರು. ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ಬಾಘ್-ಚಾಲ್‌ನಲ್ಲಿ ಯಾರೂ ಗೆಲ್ಲುವುದಿಲ್ಲ, ಆಟ ಸಮವಾಗುತ್ತದೆ ಎಂಬುದು ಅವರ ತೀರ್ಮಾನ. ನಮ್ಮ ತ್ರಿಕೋನದ ಮಣೆಗೆ ಈ ಫಲಿತಾಂಶ ನೇರವಾಗಿ ಅನ್ವಯಿಸದು ನಿಜ. ಆದರೆ ಹಿಮಾಲಯದ ತಪ್ಪಲಿನ ಹಳ್ಳಿಗರು ಯಾವ ಯಂತ್ರದ ನೆರವೂ ಇಲ್ಲದೆ, ಆಡುತ್ತಾಡುತ್ತ, ತಕ್ಕಡಿಯ ಮುಳ್ಳನ್ನು ಸರಿಯಾಗಿ ನಡುವೆ ತಂದು ನಿಲ್ಲಿಸಿದ್ದರೆಂಬುದು ಸಾಮಾನ್ಯ ಸಂಗತಿಯಲ್ಲ.

ಹುಣಸೆ ಬೀಜದ ಲೆಕ್ಕಾಚಾರ

ಮುನ್ನಡೆಯ ಪ್ರಶ್ನೆಗೆ ಚೌಕಾಬಾರವನ್ನು ನೋಡಬೇಕು. ಕಟ್ಟೆಮನೆ, ಚಕ್ಕಾರ ಎಂದೂ ಕರೆಯುವ ಈ ಆಟದಲ್ಲಿ ಐದು ಸಾಲು, ಐದು ಕಂಬದ 25 ಮನೆಗಳಿರುತ್ತವೆ. ನಾಲ್ಕು ಜನ, ತಲಾ ನಾಲ್ಕು ಕಾಯಿ. ಹೊರಗಿನ 16 ಮನೆಗಳನ್ನು ಸುತ್ತಿ, ಒಳಗಿನ ಎಂಟು ಮನೆಗಳನ್ನು ಎದುರು ದಿಕ್ಕಿನಲ್ಲಿ ಸುತ್ತಿ, ನಡುಮನೆ ಸೇರಿದ ಕಾಯಿ 'ಹಣ್ಣಾಯಿತು' ಎನ್ನುತ್ತಾರೆ. ಕಾಯಿ ಹಣ್ಣಾಗುವುದು ಎಂಬ ಈ ಮಾತಿನಲ್ಲೇ ಆಟದ ಮುನ್ನಡೆಯ ಕಲ್ಪನೆಯೆಲ್ಲ ಅಡಗಿದೆ.

ದಾಳಕ್ಕೆ ಕವಡೆ ಬೇಕು. ಕವಡೆ ಸಿಗದ ಕಡೆ ಹುಣಸೆ ಬೀಜವಿದೆ. ನಾಲ್ಕು ಬೀಜಗಳ ಒಂದೊಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳುಪು ಮಾಡಿದರೆ ಸಾಕು. ಎಸೆದಾಗ ಎಷ್ಟು ಬೀಜಗಳ ಬಿಳಿ ಮೈ ಮೇಲಾಗುತ್ತದೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಮತ್ತೊಂದು ಎಸೆತ ಇನಾಮು. ಬೀಜ ಎರಡೂ ಕಡೆಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ 16 ಎಸೆತಗಳಲ್ಲಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಒಮ್ಮೆ ಚೌಕ, ಒಮ್ಮೆ ಬಾರ ಬೀಳಬೇಕು. ಸರಾಸರಿ ಒಂದು ಎಸೆತಕ್ಕೆ ಎರಡೂವರೆ ಮನೆ. ಒಂದು ಕಾಯಿ ಹಣ್ಣಾಗಲು 24 ಮನೆ ನಡೆಯಬೇಕು. ನಾಲ್ಕಕ್ಕೂ ಸೇರಿ 96. ಯಾರೂ ಅಡ್ಡ ಬರದಿದ್ದರೂ ಒಬ್ಬರಿಗೆ 38ಕ್ಕೂ ಹೆಚ್ಚು ಎಸೆತ ಬೇಕಾಗುತ್ತದೆ. ಒಂದು ಮಧ್ಯಾಹ್ನಕ್ಕೆ ಅಳತೆ ಮಾಡಿ ಹೊಲಿಸಿದಂಥ ಆಟ.

ಯಾರೂ ಅಡ್ಡ ಬರದ ಓಟದಲ್ಲಿ ಸ್ವಾರಸ್ಯವಿಲ್ಲ. ಆದ್ದರಿಂದಲೇ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಯಾರೂ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಬಂದಿದೆ. ಕಟ್ಟೆಯಿಂದ ಕಟ್ಟೆಗೆ ಸುರಕ್ಷಿತವಾಗಿ ನಡೆಯುತ್ತ ಮನೆ ಸೇರುವ ಹೆದರುಪುಕ್ಕಲನಿಗೆ ಇದು ತಡೆ. ಆದರೆ ಈ ನಿಯಮವೇ ಹೊಸ ದೂರಿಗೆ ದಾರಿ ಮಾಡುತ್ತದೆ. ಉಳಿದವರ ಕಾಯಿಗಳೆಲ್ಲ ಒಳಸುತ್ತು ಸೇರಿಬಿಟ್ಟರೆ ಹಿಂದುಳಿದವನು ಹೊಡೆಯುವುದು ಯಾರನ್ನು? ಅವನು ಹೊರಸುತ್ತಿನಲ್ಲಿ ಗಾಣದ ಎತ್ತಿನಂತೆ ತಿರುಗುತ್ತಲೇ ಇರಬೇಕಾಗುತ್ತದೆ. ಒಂದು ಕಾಯಿ ಹೊಡೆದರೆ ನಾಲ್ಕಕ್ಕೂ ಒಳಗೆ ಪ್ರವೇಶ ಎಂದು ಕೆಲವರು ಇದನ್ನು ಸಡಿಲಿಸಿದ್ದಾರೆ. ಈ ಷರತ್ತನ್ನೇ ಕೈಬಿಟ್ಟವರೂ ಇದ್ದಾರೆ.

ಅದೃಷ್ಟದ ಅತಿರೇಕಕ್ಕೂ ಇದೇ ರೀತಿಯ ಕಡಿವಾಣವಿದೆ. ಚೌಕ, ಬಾರಗಳು ಒಂದರ ಮೇಲೊಂದು ಬಿದ್ದು ಒಬ್ಬನೇ ಎಸೆಯುತ್ತ ಹೋದರೆ ಉಳಿದ ಮೂವರು ಬಾಯಿ ಬಿಟ್ಟು ನೋಡಬೇಕಾಗುತ್ತದೆ. ಸತತ ಮೂರು ಸಲ ಇನಾಮು ಬಿದ್ದರೆ ಆ ಮೂರೂ ರದ್ದು ಎಂಬುದು ಕೆಲವು ಮನೆಗಳ ನಿಯಮ. ಹಾಗೆ ಬೀಳುವ ಸಂಭವ 512ರಲ್ಲಿ ಒಂದು. ಅಷ್ಟು ಅಪರೂಪದ ಘಟನೆಗೂ ನಿಯಮ ಹುಟ್ಟಿದೆಯೆಂದರೆ, ಅದಕ್ಕೆ ಮುಂಚೆ ಎಷ್ಟು ಮಧ್ಯಾಹ್ನಗಳ ಆಟ ನಡೆದಿರಬೇಕು!

ಸೋತವನ ಪಾಡು

ಅಳಗುಳಿಮಣೆಯ ಸಮಸ್ಯೆ ಮತ್ತೊಂದು ಬಗೆಯದು. ಎರಡು ಸಾಲಿನಲ್ಲಿ ಏಳೇಳು ಗುಳಿಗಳು, ಗುಳಿಗೆ ಇಷ್ಟೆಂದು ಹುಣಸೆ ಬೀಜ ಅಥವಾ ಗುಲಗಂಜಿ. ತುಳುನಾಡಿನಲ್ಲಿ ಇದು ಚೆನ್ನೆಮಣೆ, ತಮಿಳುನಾಡಿನಲ್ಲಿ ಪಲ್ಲಾಂಗುಳಿ. ಆಫ್ರಿಕಾ ಖಂಡದ ಉದ್ದಗಲಕ್ಕೂ ಇದರ ಬಂಧುಗಳಿವೆ. ನಮ್ಮಲ್ಲಿ ಇದು ಹೆಚ್ಚಾಗಿ ಹೆಣ್ಣುಮಕ್ಕಳ ಆಟ. ಒಂದು ಗುಳಿಯ ಕಾಳುಗಳನ್ನು ಎತ್ತಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಬಿತ್ತುತ್ತ ಹೋಗಬೇಕು. ಕಾಳು ಮುಗಿದಲ್ಲಿಂದ ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯ ಸಂಪತ್ತು ಆಡಿದವಳದು. ಬಿತ್ತುವುದು, ಬೆಳೆಯುವುದು, ಬಾಚಿಕೊಳ್ಳುವುದು, ಎಲ್ಲವೂ ಬೇಸಾಯದ ಭಾಷೆಯೇ.

ಒಂದು ಸುತ್ತು ಮುಗಿದಾಗ ಸೋತವಳ ಬಳಿ ತನ್ನ ಏಳು ಗುಳಿಗಳನ್ನೂ ತುಂಬುವಷ್ಟು ಕಾಳಿರುವುದಿಲ್ಲ. ತುಂಬಿದಷ್ಟು ಗುಳಿಗಳಲ್ಲಿ ಮಾತ್ರ ಅವಳು ಮುಂದಿನ ಸುತ್ತನ್ನು ಆಡಬೇಕು, ಉಳಿದವು ಹಾಳುಬಿದ್ದಂತೆ. ಹೀಗೆ ಮೊದಲ ಸುತ್ತಿನ ಸೋಲು ಎರಡನೆಯ ಸುತ್ತಿನ ಸೋಲಿಗೆ ಕಾರಣವಾಗುತ್ತದೆ. ಉಳ್ಳವರಿಗೆ ಇನ್ನಷ್ಟು, ಇಲ್ಲದವರಿಗೆ ಇದ್ದದ್ದೂ ಇಲ್ಲ ಎಂಬ ಸ್ಥಿತಿ. ಬರ, ಸಾಲ, ಭೂಮಿ ಕಳೆದುಕೊಳ್ಳುವುದನ್ನು ಕಂಡ ಸೀಮೆಯವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ದೂರು ಯಾರು ಮೊದಲು ಆಡಬೇಕೆಂಬುದರ ಬಗ್ಗೆ. ಇದೇ ಕುಟುಂಬದ, ಅಮೆರಿಕದಲ್ಲಿ 20ನೇ ಶತಮಾನದಲ್ಲಿ ರೂಪುಗೊಂಡ 'ಕಲಾಹ' ಎಂಬ ಆಟವನ್ನು ಸಂಶೋಧಕರು 2000ದಲ್ಲಿ ಕಂಪ್ಯೂಟರಿನಿಂದ ಬಿಡಿಸಿ ನೋಡಿದಾಗ, ಬಹುತೇಕ ವಿನ್ಯಾಸಗಳಲ್ಲಿ ಮೊದಲು ಆಡುವವರಿಗೇ ಗೆಲುವಿನ ದಾರಿಯಿದೆ ಎಂಬುದು ಸಾಬೀತಾಯಿತು. 'ಒಂದಾಟ ನೀನು ಮೊದಲು, ಇನ್ನೊಂದಾಟ ನಾನು ಮೊದಲು' ಎಂಬ ಜಗಲಿಯ ಒಪ್ಪಂದ ಇದೇ ಅನುಮಾನದಿಂದ ಹುಟ್ಟಿದ ಪರಿಹಾರ.

ದೊಡ್ಡವರ ಆಟದಲ್ಲಿ ಸೇರಬಯಸುವ ಎಳೆಯ ಮಗುವಿನ ವಿಷಯದಲ್ಲಿ ಕನ್ನಡಿಗರು ಕಂಡುಕೊಂಡ ಪರಿಹಾರ ಭಾಷೆಗೇ ಒಂದು ನಾಣ್ನುಡಿಯನ್ನು ಕೊಟ್ಟಿದೆ: 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಇಂದು ಈ ಮಾತನ್ನು ನಾವು ಕುಹಕಕ್ಕೆ ಬಳಸುತ್ತೇವೆ, ಅದರಲ್ಲೂ ರಾಜಕೀಯದ ವರದಿಗಳಲ್ಲಿ. ಅದರ ಮೂಲಾರ್ಥದಲ್ಲಿ ಕುಹಕವಿಲ್ಲ. ಮಗು ಓಡಬಹುದು, ಮುಟ್ಟಬಹುದು, ಕೂಗಬಹುದು, ಸಿಕ್ಕಿಬಿದ್ದರೆ ಔಟಿಲ್ಲ. ಆಡುತ್ತಾಡುತ್ತ ಕಲಿತ ಮಗು ಒಂದು ದಿನ 'ನನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ' ಎಂದು ಹಟ ಹಿಡಿಯುತ್ತದೆ. ಆ ಹಟವೇ ಅದು ಮುಂದಿನ ಮೆಟ್ಟಿಲಿಗೆ ಸಿದ್ಧವಾಗಿದೆ ಎಂಬುದರ ಸೂಚನೆ. ಹೊಸಬನನ್ನು ಓಡಿಸದೆ ಆಟಕ್ಕೆ ಒಗ್ಗಿಸುವುದು ಹೇಗೆಂಬ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರವನ್ನು ಇಂದಿನ ಆಟ ತಯಾರಕರೂ ಕಂಡುಹಿಡಿದಿಲ್ಲ.

ಅರಮನೆಯ ಆಟಗಳು

ಕರ್ತೃವಿರುವ ಆಟಗಳೂ ನಮ್ಮ ನಾಡಿನಲ್ಲಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳ ಬಗ್ಗೆ ಅಪಾರ ಆಸಕ್ತಿಯಿದ್ದ ದೊರೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಅವರ ಗಮನ ಸಾಹಿತ್ಯ, ಕಲೆ, ಕ್ರೀಡೆಗಳತ್ತ ಹೆಚ್ಚಾಗಿ ಹರಿಯಿತು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಬಾರಿ ತುಳಿಯದೆ 64 ಮನೆಗಳನ್ನೂ ಸುತ್ತಿಬರುವ ಸಮಸ್ಯೆಯಲ್ಲಿ ಅವರದು ಪಳಗಿದ ಕೈ. ಮೊಗಲರ ಕಾಲದಿಂದ ಬಂದ ಗಂಜೀಫಾ ಎಲೆಯಾಟವನ್ನು ಹಿಗ್ಗಿಸಿ, 300ಕ್ಕೂ ಹೆಚ್ಚು ಎಲೆಗಳ ಆಟಗಳನ್ನೂ ಅವರು ರೂಪಿಸಿದರು.

ಚಿತ್ರಕಲೆಯ ದೃಷ್ಟಿಯಿಂದ ಮೈಸೂರಿನ ಗಂಜೀಫಾ ಎಲೆಗಳು ಅಮೂಲ್ಯ ಆಸ್ತಿ. ಆದರೆ ಆಟವಾಗಿ ಆ ಬೃಹತ್ ರೂಪಗಳು ಅರಮನೆಯಿಂದ ಹೊರಗೆ ಹಬ್ಬಲಿಲ್ಲ. ಮೈಸೂರು ಸಂಸ್ಥಾನಕ್ಕೇ ಸೇರಿದ್ದ ಮಧುಗಿರಿ, ಪಾವಗಡದ ಜಗಲಿಗಳಲ್ಲಿ ಜನ ಹುಲಿ-ಕುರಿಯನ್ನೇ ಆಡಿಕೊಂಡಿದ್ದರು. 300 ಎಲೆ ಬರೆಸುವ ಖರ್ಚು ಒಂದು ಕಾರಣ. ದೊರೆ ಮಾಡಿದ ಆಟವನ್ನು ಆಡುತ್ತ ಕುಳಿತವನು 'ಮಹಾಸ್ವಾಮಿ, ಇದರಲ್ಲಿ ಎಲೆ ಹೆಚ್ಚಾಯಿತು' ಎಂದು ಹೇಳುವುದು ಸುಲಭವಲ್ಲ ಎಂಬುದನ್ನೂ ಇನ್ನೊಂದು ಕಾರಣವಾಗಿ ಸೇರಿಸಬಹುದು. ದೂರು ಹೇಳಲಾಗದ ಕಡೆ ಆಟ ತಿದ್ದಿಕೊಳ್ಳುವುದಿಲ್ಲ.

ಈ ಮಾತಿಗೆ ಅತ್ಯಂತ ದೊಡ್ಡ ನಿದರ್ಶನ ಮಹಾಭಾರತದಲ್ಲಿದೆ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ದ್ಯೂತಸಭೆಯ ಕಥೆ ಕಂಠಪಾಠ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಆಕೆ ಕೇಳಿದ್ದು ಆಟದ ನಿಯಮದ ಪ್ರಶ್ನೆಯನ್ನೇ: ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಅಧಿಕಾರ ಎಲ್ಲಿಯದು? ಭೀಷ್ಮಾದಿಗಳು ಧರ್ಮಸೂಕ್ಷ್ಮವೆಂದು ಜಾರಿಕೊಂಡರು. ಕೌರವರಲ್ಲಿ ವಿಕರ್ಣನೊಬ್ಬ ಮಾತ್ರ ಆಕೆಯ ಪರ ನಿಂತ. ಆಡುವವರ ಆಕ್ಷೇಪಕ್ಕೆ ಸಭೆ ಉತ್ತರ ಕೊಡದಿದ್ದುದರ ಬೆಲೆ ಹದಿನೆಂಟು ಅಕ್ಷೋಹಿಣಿ ಸೈನ್ಯ.

ಪಣ ದೊಡ್ಡದಾದಷ್ಟೂ ನಿಯಮ ಗಟ್ಟಿಯಾಗುತ್ತದೆ, ಗೆದ್ದವನು ಒಂದಿಂಚೂ ಬಿಟ್ಟುಕೊಡುವುದಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ವಿಷಯದಲ್ಲಿ ಕರ್ನಾಟಕ 2021ರಲ್ಲಿ ನಿಷೇಧದ ಕಾಯ್ದೆ ತಂದದ್ದು, ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿದ್ದು, 2025ರಲ್ಲಿ ಸಂಸತ್ತೇ ಇಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದ್ದು ಓದುಗರಿಗೆ ತಿಳಿದ ವಿಷಯ. ಬಳೆಚೂರು, ಹುಣಸೆ ಬೀಜಗಳನ್ನಷ್ಟೇ ಪಣವಾಗಿಟ್ಟ ಜಗಲಿಯಲ್ಲಿ ರಾಜಿ ಸುಲಭವಾಗಿತ್ತು.

ಅರ್ಧ ಅಂಕದ ನ್ಯಾಯ

ನಿಯಮಕ್ಕೆ ಬರಹದ ರೂಪ ಸಿಕ್ಕಿದ ಮೇಲೂ ತಿದ್ದುವ ದಾರಿಯನ್ನು ತೆರೆದಿಟ್ಟವರಿದ್ದಾರೆ. ಜಪಾನಿನ 'ಗೋ' ಆಟದಲ್ಲಿ ಕಪ್ಪು ಕಾಯಿಯವರು ಮೊದಲು ಆಡುತ್ತಾರೆ. ಅದರಿಂದ ಅವರಿಗೇ ಲಾಭ ಎಂಬ ದೂರು ಬಹಳ ಹಳೆಯದು. 1930ರ ದಶಕದಿಂದೀಚೆಗೆ ಬಿಳಿ ಕಾಯಿಯವರಿಗೆ ಪರಿಹಾರವಾಗಿ ಕೆಲವು ಅಂಕಗಳನ್ನು ಮೊದಲೇ ಕೊಡುವ ಪದ್ಧತಿ ಬಂತು. ಮೊದಲು ನಾಲ್ಕೂವರೆ ಅಂಕ. ಕಪ್ಪಿನವರೇ ಹೆಚ್ಚು ಗೆಲ್ಲುತ್ತಿದ್ದಾರೆಂದು ಕಂಡುಬಂದಾಗ ಐದೂವರೆ. 2002ರಲ್ಲಿ ಜಪಾನಿನ ಗೋ ಸಂಸ್ಥೆ ಅದನ್ನು ಆರೂವರೆಗೆ ಏರಿಸಿತು. ಸಾವಿರಾರು ಪಂದ್ಯಗಳ ದಾಖಲೆ ಇಟ್ಟುಕೊಂಡು ಒಂದೊಂದೇ ಅಂಕ ಸರಿಪಡಿಸಿದ ಈ ತಾಳ್ಮೆ ಮೆಚ್ಚತಕ್ಕದ್ದು. ಕುರಿಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡುವ ನಮ್ಮವರ ಕೆಲಸವೂ ಇದೇ ಜಾತಿಯದು. ವ್ಯತ್ಯಾಸವೆಂದರೆ, ನಮ್ಮಲ್ಲಿ ದಾಖಲೆ ಇಟ್ಟವರಿಲ್ಲ.

ಇಂದಿನ ಸಣ್ಣ ಆಟ ತಯಾರಕರ ರೀತಿಯೂ ಬೇರೆಯಲ್ಲ. ಅಮೆರಿಕದ ಸಿಯಾಟಲ್ ನಗರದ ಇಬ್ಬರು ಗೆಳೆಯರು ಸೇರಿ ಮಾಡಿದ 'ಸ್ಲೇ ದ ಸ್ಪೈರ್' ಎಂಬ ಎಲೆಯಾಟ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದನ್ನು ಪೂರ್ತಿಯಾಗುವ ಮುನ್ನವೇ 2017ರ ನವೆಂಬರಿನಲ್ಲಿ ಆಟಗಾರರ ಕೈಗೆ ಕೊಟ್ಟರು. ಯಾವ ಎಲೆಯನ್ನು ಜನ ಆರಿಸುತ್ತಾರೆ, ಯಾವುದನ್ನು ಮೂಸಿಯೂ ನೋಡುವುದಿಲ್ಲ, ಯಾವ ಹಂತದಲ್ಲಿ ಸಾಯುತ್ತಾರೆ ಎಂಬ ಅಂಕಿಅಂಶವನ್ನೂ ಅವರ ದೂರುಗಳನ್ನೂ ಒಟ್ಟಿಗಿಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲ ತಿದ್ದಿದ ಮೇಲೆ 2019ರ ಜನವರಿಯಲ್ಲಿ ಆಟ ಪೂರ್ಣರೂಪದಲ್ಲಿ ಹೊರಬಂತು.

ಆದರೆ ದೊಡ್ಡ ಮಾರುಕಟ್ಟೆಯ ಆಟಗಳಲ್ಲಿ ಪರಿಸ್ಥಿತಿ ಹೀಗಿಲ್ಲ. 2016ರಲ್ಲಿ ಮುಂಬಯಿಯ ಕಂಪನಿಯೊಂದು ಹೊರತಂದ 'ಲೂಡೋ ಕಿಂಗ್' ಚೌಕಾಬಾರದ ದೂರದ ನಂಟನೇ. ಹಳ್ಳಿಹಳ್ಳಿಯ ಫೋನುಗಳಲ್ಲೂ ಅದಿದೆ. ಕೋಟ್ಯಂತರ ಜನ ಒಂದೇ ನಿಯಮದಲ್ಲಿ ಆಡುವ ಆಟದಲ್ಲಿ ಒಬ್ಬನ ದೂರು ಸಮುದ್ರಕ್ಕೆ ಹಿಂಡಿದ ಹುಣಸೆಹಣ್ಣು. ಇಷ್ಟವಾಗದಿದ್ದರೆ ಆಟವನ್ನು ಅಳಿಸಿಹಾಕಬಹುದು. ಜಗಲಿಯಲ್ಲಿ ಎದ್ದುಹೋದವನನ್ನು ಕರೆತರಲು ಯಾರಾದರೂ ಹೋಗುತ್ತಿದ್ದರು, ಏಕೆಂದರೆ ಅವನಿಲ್ಲದೆ ನಾಲ್ಕನೆಯ ಕೈ ಇರುತ್ತಿರಲಿಲ್ಲ. ಫೋನಿನಲ್ಲಿ ನಾಲ್ಕನೆಯ ಕೈಯಾಗಿ ಯಂತ್ರವೇ ಬಂದು ಕೂರುತ್ತದೆ.

ಬರೆದಿಡುವ ಕಾಲ

ಹಳೆಯ ಆಟಗಳ ಬಗ್ಗೆ ಆಸಕ್ತಿ ಸತ್ತಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಮಣೆಯಾಟಗಳ ಪ್ರದರ್ಶನಗಳನ್ನು ಏರ್ಪಡಿಸುತ್ತ ಬಂದಿದೆ. ಮರದಲ್ಲಿ, ಬಟ್ಟೆಯಲ್ಲಿ ಅಂದವಾಗಿ ಮಾಡಿದ ಮಣೆಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳ ಜೊತೆಗೆ ಒಂದು ಚೀಟಿಯಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿರುತ್ತಾರೆ. ಸ್ವಾಗತಾರ್ಹ ಪ್ರಯತ್ನವೇ. ಆದರೆ ಹೀಗೆ ಅಚ್ಚಾಗುವುದು ಹತ್ತಾರು ಊರುಗಳ ಹತ್ತಾರು ನಿಯಮಗಳಲ್ಲಿ ಒಂದೇ ಒಂದು. ಉಳಿದವು ಹಿರಿಯರೊಡನೆ ಮರೆಯಾಗುತ್ತಿವೆ.

ಆಡುವ ಜಾಗವೂ ಬದಲಾಗುತ್ತಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ 2018ರಲ್ಲಿ ಉದ್ಘಾಟನೆಯಾದ ಸೌರವಿದ್ಯುತ್ ಪಾರ್ಕ್ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿದೆ. ಬಿಸಿಲನ್ನೇ ಬೆಳೆಯಾಗಿಸಿದ ಈ ಯೋಜನೆಯಿಂದ ರೈತರಿಗೆ ಗುತ್ತಿಗೆಯ ಹಣ ಬರುತ್ತಿದೆ. ಜೊತೆಗೆ ಕುರಿ ಮೇಯುತ್ತಿದ್ದ ಬಯಲು, ಮಧ್ಯಾಹ್ನದ ಮರದ ನೆರಳು ಕಡಿಮೆಯಾಗಿವೆ. ಹುಲಿ-ಕುರಿ ಹುಟ್ಟಿದ್ದೇ ಅಂಥ ನೆರಳಿನಲ್ಲಿ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಶಾಲಾ ಮಕ್ಕಳು ಮನಸ್ಸು ಮಾಡಿದರೆ ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಬೇಸಿಗೆ ರಜೆಯಲ್ಲಿ ಅಜ್ಜಿ-ತಾತಂದಿರ ಎದುರು ಕುಳಿತು ಆಟವಾಡಿ, ನಿಯಮಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ನಿಮ್ಮ ಊರಿನಲ್ಲಿ ಎಷ್ಟು ಕುರಿ, ಎಷ್ಟು ಸತ್ತರೆ ಹುಲಿಗೆ ಗೆಲುವು, ಮೂರು ಸಲ ಬಾರ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಬೇಕು. ಅದರ ಜೊತೆಗೆ ಇನ್ನೂ ಒಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು: 'ಈ ಆಟದಲ್ಲಿ ನೀವು ಯಾವುದಕ್ಕೆ ಜಗಳವಾಡುತ್ತಿದ್ದಿರಿ?' ನಿಯಮ ಏಕೆ ಹಾಗಿದೆ ಎಂಬುದಕ್ಕೆ ಉತ್ತರ ಆ ಜಗಳದಲ್ಲೇ ಇರುತ್ತದೆ. ಕಲ್ಲಿನ ಮೇಲಿನ ಗೆರೆಗಳು ಇನ್ನೂ ಹಲವು ಶತಮಾನ ಉಳಿಯಬಹುದು. ಆ ಗೆರೆಗಳ ಮೇಲೆ ಹೇಗೆ ಆಡಬೇಕೆಂದು ಬಲ್ಲವರನ್ನು ಮಾತ್ರ ಈಗಲೇ ಕೇಳಬೇಕು.